ಗೋಲ್ಡ್ ಕಾರ್ಡ್ ಇಲ್ಲದೆಯೂ ಏರ್‌ಪೋರ್ಟ್ ಲೌಂಜ್‌ಗೆ ಹೋಗುವುದು ಹೇಗೆ?

ವಿಮಾನ ಮೂರು ಗಂಟೆ ತಡ. ಗೇಟಿನ ಹತ್ತಿರ ಒಂದು ಕುರ್ಚಿಯೂ ಖಾಲಿ ಇಲ್ಲ. ಗೋಡೆಯಲ್ಲಿರುವ ಒಂದೇ ಒಂದು ಪ್ಲಗ್ಗಿನ ಸುತ್ತ ನಾಲ್ಕು ಜನ ನೆಲದ ಮೇಲೆ ಕೂತಿದ್ದಾರೆ. ಅಲ್ಲಿಂದ ಹತ್ತು ಹೆಜ್ಜೆ ಆಚೆ ಲೌಂಜ್‌ನ ಬಾಗಿಲು. ಅದು ತೆರೆದಾಗಲೆಲ್ಲ ಒಳಗಿನ ಸೋಫಾ ಕಾಣುತ್ತದೆ, ಕಾಫಿ ವಾಸನೆ ಬರುತ್ತದೆ. ‘ಅದೆಲ್ಲ ದೊಡ್ಡವರಿಗೆ’ ಅಂದುಕೊಂಡು ನಾವು ಸುಮ್ನೆ ಮುಂದೆ ಹೋಗಿಬಿಡುತ್ತೇವೆ, ಅಲ್ವಾ?

ಒಂದು ಕಾಲಕ್ಕೆ ಅದು ನಿಜವೇ ಆಗಿತ್ತು. 1939ರಲ್ಲಿ ಅಮೆರಿಕನ್ ಏರ್‌ಲೈನ್ಸ್ ನ್ಯೂಯಾರ್ಕಿನ ಲಾಗಾರ್ಡಿಯಾ ನಿಲ್ದಾಣದಲ್ಲಿ ಅಡ್ಮಿರಲ್ಸ್ ಕ್ಲಬ್ ತೆರೆದಾಗ, ಒಳಗೆ ಕಾಲಿಡಲು ಕಂಪನಿಯೇ ಕರೆಯಬೇಕಿತ್ತು. ಈಗ ಹಾಗಿಲ್ಲ. ವರ್ಷವಿಡೀ ಹಾರಾಡುವವರಿಗೆ ಏರ್‌ಲೈನ್‌ಗಳು ಕೊಡುವ ಎಲೀಟ್ ಸ್ಟೇಟಸ್, ಅಂದರೆ ಗೋಲ್ಡ್ ಕಾರ್ಡಿನಂಥದ್ದು, ಒಂದು ದಾರಿ, ಅಷ್ಟೇ. ಉಳಿದ ದಾರಿಗಳಲ್ಲಿ ಒಂದು ನಿಮ್ಮ ಪರ್ಸಿನಲ್ಲೇ ಇರಬಹುದು.

ಹಾಗಾಗಿ ಮೊದಲು ಪರ್ಸ್ ತೆಗೆಯಿರಿ. ವೀಸಾ ಇನ್ಫಿನಿಟ್, ಮಾಸ್ಟರ್‌ಕಾರ್ಡ್ ವರ್ಲ್ಡ್ ಎಲೀಟ್ ತರಹದ ಮೇಲ್ದರ್ಜೆಯ ಕಾರ್ಡುಗಳ ಜೊತೆ ಲೌಂಜ್ ಸೌಲಭ್ಯ ಬರುವುದು ಹೆಚ್ಚು. ಆದರೆ ಎಷ್ಟು ಸಿಗುತ್ತದೆ ಅನ್ನುವುದು ಕಾರ್ಡ್ ಕೊಟ್ಟ ಬ್ಯಾಂಕಿನ ಕೈಯಲ್ಲಿದೆ. ಬ್ಯಾಂಕಿನ ಆ್ಯಪ್‌ನಲ್ಲಿ ನಾಲ್ಕು ವಿಷಯ ಹುಡುಕಿ. ವರ್ಷಕ್ಕೆ ಎಷ್ಟು ಸಲ ಹೋಗಬಹುದು? ಜೊತೆಗೆ ಬಂದವರಿಗೂ ಉಚಿತವೇ? ಅದಕ್ಕೂ ಮುಂಚೆ ಕಾರ್ಡಿನಲ್ಲಿ ಇಷ್ಟು ಖರ್ಚು ಮಾಡಿರಬೇಕು ಅನ್ನುವ ಷರತ್ತು ಇದೆಯೇ? ಕೊನೆಯದು, ಎಲ್ಲರೂ ಮರೆಯುವುದು: ಬೇರೆಯಾಗಿ ನೋಂದಣಿ ಮಾಡಿಕೊಳ್ಳಬೇಕೇ?

ಈ ನಾಲ್ಕನೆಯದರಲ್ಲಿ ನಾನೇ ಸಿಕ್ಕಿಬಿದ್ದಿದ್ದೇನೆ. ಕೌಂಟರಿನಲ್ಲಿ ಗತ್ತಿನಿಂದ ಕ್ರೆಡಿಟ್ ಕಾರ್ಡ್ ಚಾಚಿದೆ. ಅಲ್ಲಿದ್ದ ಹುಡುಗಿ ಅದನ್ನು ಮುಟ್ಟಲೂ ಇಲ್ಲ. ‘ಇದಲ್ಲ ಸರ್, ಮೆಂಬರ್‌ಶಿಪ್ ಕಾರ್ಡ್’ ಎಂದಳು. ಆ ಕಾರ್ಡ್ ಮನೆಯ ಬೀರುವಿನಲ್ಲಿ, ಒಡೆಯದ ಲಕೋಟೆಯೊಳಗೆ ಇತ್ತು. ಪಕ್ಕಕ್ಕೆ ಸರಿದು ಆ್ಯಪ್ ಹಾಕಿಕೊಳ್ಳಲು ಹೋದರೆ ಒಟಿಪಿ ಬರಬೇಕಿದ್ದ ನಂಬರಿಗೆ ರೋಮಿಂಗ್ ಇಲ್ಲ. ಹಿಂದೆ ನಿಂತಿದ್ದವರೆಲ್ಲ ಒಬ್ಬೊಬ್ಬರಾಗಿ ನನ್ನ ದಾಟಿ ಒಳಗೆ ಹೋದರು. ನಾನು ಗೇಟಿಗೆ ವಾಪಸ್ ಬಂದೆ.

ಬಹಳಷ್ಟು ಕಡೆ ಬಾಗಿಲು ತೆರೆಸುವುದು ಬ್ಯಾಂಕ್ ಅಲ್ಲ, ನಡುವೆ ಇರುವ ಪ್ರಯಾರಿಟಿ ಪಾಸ್, ಲೌಂಜ್‌ಕೀ, ಡ್ರ್ಯಾಗನ್‌ಪಾಸ್‌ನಂತಹ ಜಾಲಗಳು. ನಿಮ್ಮ ಕಾರ್ಡ್ ಯಾವ ಜಾಲಕ್ಕೆ ಸೇರಿದ್ದು ನೋಡಿ. ಮನೆಯಲ್ಲಿದ್ದಾಗಲೇ ನೋಂದಣಿ ಮುಗಿಸಿ, ಕ್ಯೂಆರ್ ಕೋಡ್ ಫೋನಿನಲ್ಲಿ ಸಿದ್ಧವಾಗಿ ಇಟ್ಟುಕೊಳ್ಳಿ. ಇನ್ನು ಕೆಲವು ಕಾರ್ಡುಗಳಲ್ಲಿ ವಿಮಾನ ತಡವಾದರೆ ಮಾತ್ರ ಲೌಂಜ್ ಪಾಸ್ ಸಿಗುತ್ತದೆ. ಅದಕ್ಕೆ ಹೊರಡುವ ಮುಂಚೆಯೇ ವಿಮಾನದ ವಿವರ ದಾಖಲಿಸಿರಬೇಕು. ತಡವಾಗಿದೆ ಅಂತ ಗೊತ್ತಾದ ಮೇಲೆ ಹುಡುಕಿದರೆ ಏನೂ ಸಿಗದು.

ಅಂಥ ಕಾರ್ಡ್ ಇಲ್ಲದಿದ್ದರೆ ಈ ಜಾಲಗಳ ಸದಸ್ಯತ್ವವನ್ನೇ ಕೊಳ್ಳಬಹುದು. 1992ರಲ್ಲಿ ಶುರುವಾದ ಪ್ರಯಾರಿಟಿ ಪಾಸ್‌ನಲ್ಲಿ ಮೂರು ದರ್ಜೆಗಳಿವೆ. ಸ್ಟ್ಯಾಂಡರ್ಡ್ ಅಂದರೆ ವರ್ಷದ ಶುಲ್ಕ ಕಟ್ಟಿ, ಹೋದಾಗಲೆಲ್ಲ ಮತ್ತೆ ದುಡ್ಡು ಕೊಡುವುದು. ಸ್ಟ್ಯಾಂಡರ್ಡ್ ಪ್ಲಸ್‌ನಲ್ಲಿ ವರ್ಷಕ್ಕೆ 10 ಭೇಟಿ ಸೇರಿರುತ್ತದೆ. ಪ್ರೆಸ್ಟೀಜ್‌ನಲ್ಲಿ ಸದಸ್ಯರ ಭೇಟಿಗೆ ಲೆಕ್ಕವಿಲ್ಲ. ವರ್ಷಕ್ಕೆ ಎರಡು ಮೂರು ಸಲ ಹಾರುವವರಿಗೆ ಸ್ಟ್ಯಾಂಡರ್ಡ್ ನಷ್ಟದ ಬಾಬ್ತು ಅನ್ನುವುದು ನನ್ನ ಲೆಕ್ಕ. ಅಂಥವರು ಬೇಕಾದ ದಿನಕ್ಕೆ ಮಾತ್ರ ಪಾಸ್ ಕೊಳ್ಳುವುದೇ ವಾಸಿ.

ಬಿಡಿ ಪಾಸ್ ಎರಡು ಬಗೆ. ಪ್ಲಾಜಾ ಪ್ರೀಮಿಯಂನಂತಹ ಸ್ವತಂತ್ರ ಲೌಂಜ್‌ಗಳಿಗೆ ನೀವು ಯಾವ ಏರ್‌ಲೈನ್‌ನಲ್ಲಿ, ಯಾವ ದರ್ಜೆಯಲ್ಲಿ ಹೋಗುತ್ತೀರಿ ಅನ್ನುವುದು ಮುಖ್ಯವಲ್ಲ. ದುಡ್ಡು ಕೊಟ್ಟರೆ ಒಳಗೆ ಬಿಡುತ್ತಾರೆ. ಇನ್ನೊಂದು ಬಗೆ ಏರ್‌ಲೈನ್‌ಗಳದೇ ಲೌಂಜ್. ಇಲ್ಲಿ ಒಬ್ಬೊಬ್ಬರದು ಒಂದೊಂದು ನಿಯಮ. ಅಮೆರಿಕದಲ್ಲೇ ನೋಡಿ, ಯುನೈಟೆಡ್ ಒಂದು ಸಲದ ಪಾಸ್ ಮಾರುತ್ತದೆ, ಡೆಲ್ಟಾ ಮಾರುವುದಿಲ್ಲ. ಎರಡೂ ಬಗೆಯ ಲೌಂಜ್‌ಗಳಲ್ಲಿ ಆನ್‌ಲೈನ್ ಬುಕಿಂಗ್ ಇದ್ದರೆ ಮುಂಚೆಯೇ ಮಾಡಿ. ಜನ ಜಾಸ್ತಿ ಇರುವ ಹೊತ್ತಲ್ಲಿ ನೇರವಾಗಿ ಬಂದವರನ್ನೇ ಮೊದಲು ವಾಪಸ್ ಕಳಿಸುವುದು. ಸಾಮಾನ್ಯವಾಗಿ ಒಳಗೆ ಕೂರುವ ಮಿತಿ ಎರಡರಿಂದ ಮೂರು ಗಂಟೆ. ನಿಮ್ಮ ಕೈಯಲ್ಲಿ ಒಂದು ಗಂಟೆಯೂ ಇಲ್ಲದಿದ್ದರೆ ಆ ದುಡ್ಡಿಗೆ ಹೊರಗೇ ಒಳ್ಳೆಯ ಊಟ ಮಾಡಿ.

ಪಾಸ್ ಕೊಳ್ಳುವ ಮುಂಚೆ ಲೌಂಜ್ ಎಲ್ಲಿದೆ ಅಂತ ನೋಡದೆ ಮೋಸಹೋದವರು ತುಂಬಾ ಜನ. ಏರ್‌ಪೋರ್ಟ್ ಹೆಸರು ಒಂದೇ ಇದ್ದರೆ ಸಾಲದು. ಯಾವ ಟರ್ಮಿನಲ್? ಭದ್ರತಾ ತಪಾಸಣೆಯ ಮುಂಚೆಯೋ, ಆಮೇಲೋ? ಇಮಿಗ್ರೇಷನ್ ದಾಟಿದ ಮೇಲಿನ ಲೌಂಜ್‌ಗೆ ದೇಶದೊಳಗೆ ಹಾರುವವರು ಹೋಗಲಾರರು. ಯುರೋಪಿನಲ್ಲಿ ಷೆಂಗನ್ ದೇಶಗಳ (ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪು) ಒಳಗಿನ ಹಾರಾಟಕ್ಕೂ ಹೊರಗಿನದಕ್ಕೂ ನಡುವೆ ಪಾಸ್‌ಪೋರ್ಟ್ ತಪಾಸಣೆ ಇರುತ್ತದೆ. ಗೋಡೆಯ ಆ ಕಡೆ ಲೌಂಜ್, ಈ ಕಡೆ ನೀವು.

ಟಿಕೆಟ್ಟಿನ ದಾರಿಯೂ ಇದೆ. ಅಂತರರಾಷ್ಟ್ರೀಯ ಬಿಸಿನೆಸ್ ಕ್ಲಾಸ್‌ನಲ್ಲಿ ಹೋಗುವವರಿಗೆ ಸಾಮಾನ್ಯವಾಗಿ ಲೌಂಜ್ ಸೇರಿಯೇ ಇರುತ್ತದೆ. ಕಡಿಮೆ ಬೆಲೆಗೆ ಅಪ್‌ಗ್ರೇಡ್ ಸಿಕ್ಕರೆ ಯೋಚಿಸಬಹುದು. ಆದರೆ ಬಿಸಿನೆಸ್ ಕ್ಲಾಸಿನಲ್ಲೂ ಈಗ ಅಗ್ಗದ ಟಿಕೆಟ್ ಬಂದಿವೆ. ಕತಾರ್ ಏರ್‌ವೇಸ್‌ನ ಬಿಸಿನೆಸ್ ಲೈಟ್, ಫಿನ್‌ಏರ್‌ನ ಬಿಸಿನೆಸ್ ಲೈಟ್ ಕೊಂಡರೆ ಸೀಟು ಸಿಗುತ್ತದೆ, ಲೌಂಜ್ ಸಿಗುವುದಿಲ್ಲ. ಅಮೆರಿಕದೊಳಗಿನ ಫಸ್ಟ್ ಕ್ಲಾಸ್ ಟಿಕೆಟ್ಟಿಗೂ ಹೆಚ್ಚಿನ ಸಲ ಅದೇ ಗತಿ.

ಸ್ಟೇಟಸ್ ಇರುವ ಗೆಳೆಯರ ಜೊತೆ ಹೊರಟಿದ್ದರೆ ಅವರ ಅತಿಥಿಯಾಗಿ ಹೋಗಬಹುದು. ಸ್ಟಾರ್ ಅಲಯನ್ಸ್ ಅನ್ನುವ ಏರ್‌ಲೈನ್‌ಗಳ ಒಕ್ಕೂಟದ ಗೋಲ್ಡ್ ಸ್ಟೇಟಸ್ ಇದ್ದವರು ಒಬ್ಬರನ್ನು ಕರೆದುಕೊಂಡು ಹೋಗಬಹುದು, ಇಬ್ಬರೂ ಒಂದೇ ವಿಮಾನದಲ್ಲಿ ಹೊರಟಿರಬೇಕು. ಬಾಗಿಲ ಹತ್ತಿರ ನಿಂತು ಗುರುತಿಲ್ಲದವರನ್ನು ‘ನನ್ನನ್ನೂ ಕರೆದುಕೊಂಡು ಹೋಗ್ತೀರಾ?’ ಅಂತ ಕೇಳುವವರೂ ಇದ್ದಾರೆ. ನನಗಂತೂ ಆ ಧೈರ್ಯ ಬಂದಿಲ್ಲ.

ಇನ್ನು ಕೌಂಟರ್. ಅದೇ ದಿನದ ಬೋರ್ಡಿಂಗ್ ಪಾಸ್ ಮತ್ತು ಕಾರ್ಡ್ ಅಥವಾ ಕೋಡ್ ಒಟ್ಟಿಗೆ ಕೊಡಿ. ಎರಡರಲ್ಲೂ ಹೆಸರು ಒಂದೇ ಇರಬೇಕು. ಮೆಷಿನ್‌ನಿಂದ ಚೀಟಿ ಬಂದರೆ ಸಹಿ ಹಾಕುವ ಮುಂಚೆ ‘ಅತಿಥಿಗಳು’ ಅನ್ನುವ ಜಾಗದಲ್ಲಿ ಎಷ್ಟು ಅಂತ ಬರೆದಿದೆ ನೋಡಿ. ಸೊನ್ನೆ ಇರಬೇಕಾದಲ್ಲಿ ಒಂದು ಇದ್ದರೆ ಮುಂದಿನ ತಿಂಗಳ ಬಿಲ್ಲಿನಲ್ಲಿ ಗೊತ್ತಾಗುತ್ತದೆ. ‘ಜಾಗ ಇಲ್ಲ’ ಅಂದರೆ ಜಗಳ ಬೇಡ. ಎಷ್ಟು ಹೊತ್ತಿಗೆ ಬರಲಿ ಅಂತ ಕೇಳಿ. ದೊಡ್ಡ ವಿಮಾನವೊಂದರ ಬೋರ್ಡಿಂಗ್ ಶುರುವಾದರೆ ಹತ್ತೇ ನಿಮಿಷದಲ್ಲಿ ಅರ್ಧ ಲೌಂಜ್ ಖಾಲಿ.

ಸ್ನಾನ ಮಾಡಬೇಕಿದ್ದರೆ ಕೂರುವ ಮುಂಚೆಯೇ ಹೆಸರು ಬರೆಸಿ, ಅಲ್ಲಿ ಸರದಿ ಇರುತ್ತದೆ. ಎಷ್ಟೋ ಲೌಂಜ್‌ಗಳಲ್ಲಿ ಬೋರ್ಡಿಂಗ್ ಆಯಿತು ಅಂತ ಕೂಗಿ ಹೇಳುವುದಿಲ್ಲ. ಸೋಫಾ ಮೆತ್ತಗಿರುತ್ತದೆ, ಗೇಟು ಇಪ್ಪತ್ತು ನಿಮಿಷದ ನಡಿಗೆಯಷ್ಟು ದೂರ ಇರಬಹುದು. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ವಿಮಾನ ಹೊರಡುವ ಹೊತ್ತಿಗಲ್ಲ, ಬೋರ್ಡಿಂಗ್ ಶುರುವಾಗುವುದಕ್ಕೆ ಅರ್ಧ ಗಂಟೆ ಮುಂಚೆ.