ಅಂಡರ್‌ಲೇ ಸರಿಹೋಯಿತು, ಸುಕ್ಕು ಮಾಯವಾಯಿತು

"ಅಂಡರ್‌ಲೇ ಜಾಸ್ತಿ ಹಾಕಿದರೆ ಸುಮ್ನೆ ದಾರ ದಂಡ, ಮಷಿನ್ ಸಮಯವೂ ದಂಡ" ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಅಂಡರ್‌ಲೇ ಎಂದರೆ ಮಷಿನ್ ಎಂಬ್ರಾಯಿಡರಿಯಲ್ಲಿ ಮೇಲೆ ಕಾಣುವ ಕಸೂತಿಗೆ ಮೊದಲು ಅಡಿಪಾಯವಾಗಿ ಹಾಕುವ ಸ್ಟಿಚ್. ಈಗ ಅವರಲ್ಲೇ ಕೆಲವರು ತಮ್ಮ ಫೈಲ್ (ಮಷಿನ್‌ಗೆ ಕೊಡುವ ಕಸೂತಿ ವಿನ್ಯಾಸ) ತಿದ್ದಿಕೊಡಿ ಎಂದು ಕೇಳುತ್ತಾರೆ.

ತಲೆನೋವು ಇದ್ದದ್ದು ಪಿಕೆ (ಮೇಲ್ಮೈಯಲ್ಲಿ ಸಣ್ಣ ಗುಳಿಗಳಿರುವ) ಬಟ್ಟೆಯ ಟೀಶರ್ಟ್‌ಗಳಲ್ಲಿ. ದುಂಡು ಲೋಗೊ ಒಂದು ಕಡೆ ಕುಗ್ಗುತ್ತಿತ್ತು. ಒಳಗೆ ತುಂಬುವ ಸ್ಟಿಚ್ ಆದ ಫಿಲ್‌ಗೂ ಅಂಚಿಗೆ ಒತ್ತಾಗಿ ಹಾಕುವ ಪಟ್ಟಿಯಾದ ಸ್ಯಾಟಿನ್‌ಗೂ ನಡುವೆ ಬಟ್ಟೆ ಇಣುಕುತ್ತಿತ್ತು. ಎಲ್ಲರೂ ಹೇಳಿದಂತೆ ಸಾಲಿನ ಅಂತರವನ್ನು 0.4ರಿಂದ 0.35 ಮಿ.ಮೀ.ಗೆ ಇಳಿಸಿ ನೋಡಿದೆ. ಸುಕ್ಕು ಇನ್ನೂ ಹೆಚ್ಚಾಯಿತು. ಕಟ್‌ಅವೇ ಬ್ಯಾಕಿಂಗ್ (ಬಟ್ಟೆಯ ಹಿಂದೆ ಇಟ್ಟು, ಹೊಲಿದ ಮೇಲೆ ಸುತ್ತ ಕತ್ತರಿಸುವ ಆಧಾರದ ಹಾಳೆ) ಎರಡು ಪದರ ಕೊಟ್ಟರೆ ಆಕಾರ ನಿಂತಿತು, ಆದರೆ ಎದೆ ಮೇಲೆ ರಟ್ಟು ಅಂಟಿಸಿದಂತಾಯಿತು. ಒಂದು ಆರ್ಡರ್ ಅರ್ಧದಷ್ಟು ವಾಪಸ್ ಬಂತು. ಆ ಟೀಶರ್ಟ್‌ಗಳನ್ನು ನನ್ನ ದುಡ್ಡಿನಲ್ಲೇ ಕೊಂಡು ಕೊಟ್ಟೆ. ಬ್ಯಾಕಿಂಗ್, ದಾರ, ಕೂಲಿ ಎಲ್ಲ ಸೇರಿ ಲಾಭವಷ್ಟೇ ಅಲ್ಲ, ಮುಂದಿನ ಆರ್ಡರ್‌ನ ಅಡ್ವಾನ್ಸ್ ಕೂಡ ಕರಗಿತು.

ಕೊನೆಗೆ ಹಿಡಿದ ದಾರಿ ಇದು. ಮೊದಲು ಎಡ್ಜ್ ರನ್, ಅಂದರೆ ಅಂಚಿನುದ್ದಕ್ಕೂ ಓಡುವ ಒಂಟಿ ಸಾಲು, ಅಂಚಿನಿಂದ ಸುಮಾರು ಅರ್ಧ ಮಿ.ಮೀ. ಒಳಗೆ. ಅದರ ಮೇಲೆ ಟಾಟಾಮಿ ಅಂಡರ್‌ಲೇ (ಬಿಡಿಬಿಡಿ ಸಾಲುಗಳ ಫಿಲ್), ಮೇಲಿನ ಸ್ಟಿಚ್‌ಗೆ ಅಡ್ಡವಾಗಿ, ಸಾಲಿನ ನಡುವೆ 3 ಮಿ.ಮೀ. ಬಿಟ್ಟು. ಬಟ್ಟೆಯೂ ಬ್ಯಾಕಿಂಗೂ ಮೊದಲೇ ಒಂದಾಗಿಬಿಟ್ಟರೆ ಮೇಲಿನ ಸ್ಟಿಚ್ ಎಳೆಯುವುದು ಏನನ್ನು? ಪಿಕೆಯ ಗುಳಿಗಳಲ್ಲಿ ದಾರ ಮುಳುಗುವುದೂ ತಪ್ಪಿತು. ಆಗ ಮೇಲ್ಪದರದ ಅಂತರವನ್ನು ಧೈರ್ಯವಾಗಿ 0.45ಕ್ಕೆ ಬಿಟ್ಟೆ, ಪುಲ್ ಕಾಂಪೆನ್ಸೇಶನ್ (ದಾರದ ಎಳೆತಕ್ಕೆ ಕುಗ್ಗುವಷ್ಟನ್ನು ಮೊದಲೇ ಅಗಲ ಮಾಡುವುದು) 0.3 ಮಿ.ಮೀ. ಆಸುಪಾಸು. 0.35ರಲ್ಲಿ 11,000 ಸ್ಟಿಚ್ ತಿನ್ನುತ್ತಿದ್ದ ಲೋಗೊ ಅಂಡರ್‌ಲೇ ಸೇರಿಯೂ 10,000ದ ಹತ್ತಿರ ಮುಗಿಯಿತು. ದಾರ ದಂಡ ಎಂದವರಿಗೆ ಈ ಲೆಕ್ಕವನ್ನೇ ತೋರಿಸಿದೆ.

ಸ್ಯಾಟಿನ್ 2 ಮಿ.ಮೀ.ಗಿಂತ ಸಣ್ಣದಿದ್ದರೆ ಸೆಂಟರ್ ರನ್ (ನಡುವೆ ಓಡುವ ಒಂಟಿ ಸಾಲು) ಸಾಕು. ಅಗಲವಾದರೆ ಎಡ್ಜ್ ರನ್, ಇನ್ನೂ ಅಗಲವಾದರೆ ಜೊತೆಗೆ ಜಿಗ್‌ಜಾಗ್. 5 ಮಿ.ಮೀ.ಗಿಂತ ಚಿಕ್ಕ ಅಕ್ಷರಕ್ಕೆ ಜಿಗ್‌ಜಾಗ್ ತುರುಕಿದರೆ ಓದಲಿಕ್ಕೇ ಬರುವುದಿಲ್ಲ. ಎಡ್ಜ್ ರನ್ ಎಲ್ಲಿಂದ ಶುರು ಮಾಡುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನನ್ನ ಗಿರಾಕಿಗಳು ನನ್ನ ಹತ್ತಿರ ಬರುವುದೇ ಅದಕ್ಕೆ!

ಇದೇ ಹುಮ್ಮಸ್ಸಿನಲ್ಲಿ ಟರ್ಕಿ ಟವೆಲ್ ಮೇಲೂ ಪ್ರಯೋಗ ಮಾಡಿದೆ. ಟವೆಲ್ ಬಣ್ಣದ ದಾರದಲ್ಲೇ ಅಕ್ಷರಕ್ಕಿಂತ ಸ್ವಲ್ಪ ಹೊರಗೆ ಚಾಚಿದ ತೆಳು ಫಿಲ್, ಮೇಲೆ ನೀರಲ್ಲಿ ಕರಗುವ ಫಿಲ್ಮ್. ಟವೆಲ್‌ನ ಎಳೆಗಳು ತೊಳೆದ ಮೇಲೂ ಎದ್ದು ನಿಲ್ಲಲಿಲ್ಲ. ಟೋಪಿಗೆ ಮಾತ್ರ ಎಲ್ಲ ಅಂಡರ್‌ಲೇ ಒಟ್ಟಿಗೆ ಓಡಿಸಬೇಡಿ, ಬಟ್ಟೆ ಜರುಗುತ್ತದೆ. ನಡುವಿನ ಅಕ್ಷರದಿಂದ ಹೊರಡಿ, ಒಂದೊಂದಕ್ಕೂ ಅಂಡರ್‌ಲೇ ಹಾಕಿದ ಕೂಡಲೇ ಅದರ ಮೇಲ್ಪದರ ಮುಗಿಸಿ.