ಆಷಾಢದಲ್ಲಿ ಬಾಡಿಗೆ ಮನೆ ಹುಡುಕಿದ್ದು

ಶಿವಮೊಗ್ಗಕ್ಕೆ ವರ್ಗವಾದಾಗ ಎಲ್ಲರೂ ಹೇಳಿದ್ದು ಒಂದೇ: "ಈಗ ಬೇಡ, ಶ್ರಾವಣ ಬರಲಿ, ಆಮೇಲೆ ಮನೆ ನೋಡು." ಆಷಾಢದಲ್ಲಿ ಹೊಸ ಮನೆಗೆ ಹೋಗಿ ಹಾಲು ಉಕ್ಕಿಸುವವರು ಕಡಿಮೆ. ನನಗೆ ಅದೇ ಅನುಕೂಲವಾಯಿತು. ಖಾಲಿಯಾದ ಮನೆಗಳು ಖಾಲಿಯೇ ಉಳಿದಿದ್ದವು, ಓನರ್‌ಗಳು ಬಾಡಿಗೆ ಮಾತಾಡಲು ತಯಾರಿದ್ದರು. ಜೊತೆಗೆ ಹೊರಗೆ ಮಳೆ ಸುರಿಯುತ್ತಿತ್ತು. ಈ ಕಡೆ ಮನೆಯನ್ನು ಮಳೆಯಲ್ಲೇ ನೋಡಬೇಕು. ಏಪ್ರಿಲ್‌ನಲ್ಲಿ ಎಲ್ಲ ಗೋಡೆಯೂ ಚೆನ್ನಾಗೇ ಕಾಣುತ್ತದೆ.

ಬೇಕಿದ್ದುದು ಒಬ್ಬಳಿಗೆ ಸಾಕಾಗುವ ಒಂದು ಬೆಡ್‌ರೂಮಿನ ಮನೆ. ದುರ್ಗಿಗುಡಿ ಪೇಟೆಗೆ ಹತ್ತಿರ, ಆದರೆ ಸ್ಕೂಟರ್ ನಿಲ್ಲಿಸಲೂ ಪರದಾಟ. ನವುಲೆ ಕಡೆ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ನಾಲ್ಕು ಜನ ಸೇರಿ ಬಾಡಿಗೆ ಹಂಚಿಕೊಳ್ಳುತ್ತಾರೆ, ಅವರ ಜೊತೆ ಪೈಪೋಟಿ ನನ್ನ ಸಂಬಳಕ್ಕೆ ಆಗದ ಮಾತು. ಹಾಗಾಗಿ ಆಲ್ಕೊಳ, ಗೋಪಾಳದ ಕಡೆ ತಿರುಗಿದೆ. ಆ್ಯಪ್‌ಗಿಂತ ಗೇಟಿಗೆ ತೂಗುಹಾಕಿದ ಬೋರ್ಡ್, ಇಸ್ತ್ರಿ ಅಂಗಡಿಯವರ ಬಾಯಿ ಮಾತು ಜಾಸ್ತಿ ಕೆಲಸಕ್ಕೆ ಬಂತು.

ಒಬ್ಬಳೇ ಅಂದ ಕೂಡಲೇ ಪ್ರಶ್ನೆ ಶುರು. "ಮದುವೆ ಆಗಿಲ್ವೇನಮ್ಮಾ?" ಆಮೇಲೆ, "ಮೀನು ಮಾಂಸ ಮಾಡ್ತೀಯಾ?" ಮಾಡ್ತೀನಿ ಅಂತ ನೇರವಾಗಿ ಹೇಳಿಬಿಡುತ್ತಿದ್ದೆ. ಕೆಲವು ಕಡೆ ಮಾತು ಅಲ್ಲಿಗೇ ಮುಗಿಯಿತು. ಮುಗಿಯಲಿ ಬಿಡಿ, ಬಂಗಡೆ ಹುರಿಯುವಾಗಲೆಲ್ಲ ಕಿಟಕಿ ಮುಚ್ಚಿ ಹೆದರಿಕೊಂಡು ಕೂರೋದು ಯಾರಿಗೆ ಬೇಕು?

ಮನೆಯೊಳಗೆ ಹೋದರೆ ಮೊದಲು ನೋಡುತ್ತಿದ್ದುದು ಪಡುವಣ ಗೋಡೆ. ಮುಂಗಾರಿನ ಗಾಳಿ ನೈಋತ್ಯದಿಂದ, ಪಶ್ಚಿಮದಿಂದ ಬೀಸುತ್ತದೆ. ಇರಿಚಲು ಹೊಡೆಯುವುದು ಆ ಗೋಡೆಗೇ. ಅಂಗೈ ಇಟ್ಟರೆ ಶೀತ ಗೊತ್ತಾಗುತ್ತದೆ. ಆ ಗೋಡೆಗೇ ವಾರ್ಡ್‌ರೋಬ್ ಕೂರಿಸಿದ್ದರೆ ರೇಷ್ಮೆ ಸೀರೆಗೆ ಬೂಷ್ಟು ಹಿಡಿಯಿತು ಅಂತಲೇ ಲೆಕ್ಕ. ಬಾಗಿಲು ತೆಗೆದು ಮೂಸಿ ನೋಡುತ್ತಿದ್ದೆ, ಓನರ್ ಏನಾದರೂ ಅಂದುಕೊಳ್ಳಲಿ. ಒಂದು ಮನೆಯಲ್ಲಿ ಹೊಸ ಪೇಂಟು, ಜೊತೆಗೆ ಮೂರು ಊದುಬತ್ತಿ. ನೆಲದಿಂದ ಮೊಣಕಾಲೆತ್ತರಕ್ಕೆ ಪೇಂಟು ಆಗಲೇ ಉಬ್ಬಿತ್ತು. ಕೆಳಗಿನಿಂದ ತೇವ ಏರುತ್ತಿದ್ದರೆ ಪೇಂಟು ಏನು ಮಾಡೀತು?

ಆಮೇಲೆ ಟೆರೇಸು. ಮೇಲೆ ಶೀಟು ಹೊದಿಸಿದ್ದರೆ ಎರಡು ಲಾಭ: ತಾರಸಿ ಸೋರುವ ಭಯ ಕಡಿಮೆ, ಬಟ್ಟೆ ಒಣಗಿಸಲು ಜಾಗ ಸಿಗುತ್ತದೆ. ಆದರೆ ಆ ತಂತಿಯಲ್ಲಿ ಬಾಡಿಗೆಯವರಿಗೂ ಪಾಲಿದೆಯಾ ಅಂತ ಕೇಳಲೇಬೇಕು. ಜುಲೈನಲ್ಲಿ ಬೆಡ್‌ರೂಮಿನೊಳಗೆ ಹಗ್ಗ ಕಟ್ಟಿದರೆ ಬಟ್ಟೆಯೂ ಒಣಗಲ್ಲ, ಗೋಡೆಯೂ ಒಣಗಲ್ಲ. ನೀರು ನಲ್ಲಿಯದೋ ಬರೀ ಬೋರ್‌ನದೋ, ಪಕ್ಕದ ಖಾಲಿ ಸೈಟಿನ ನೀರು ಎತ್ತ ಹರಿಯುತ್ತದೆ ಅನ್ನೋದನ್ನೂ ವಿಚಾರಿಸಿದೆ.

ಕೊನೆಗೆ ಒಪ್ಪಿದ್ದು ಗೋಪಾಳದ ಒಂದು ಮೊದಲ ಮಹಡಿಯ ಮನೆ. ಬಾಡಿಗೆ 7,500, ಅಡ್ವಾನ್ಸ್ 40,000. ಅಡುಗೆಮನೆ ಕಿರಿದು, ಇಬ್ಬರು ನಿಂತರೆ ಭುಜ ತಾಗುತ್ತದೆ. ಆದರೆ ಗೋಡೆ ಒಣಗಿತ್ತು. ಓನರ್ ಆಂಟಿಯದು ಒಂದೇ ಹಟ: "ಆಷಾಢದಲ್ಲಿ ಮಾತ್ರ ಹಾಲು ಉಕ್ಕಿಸಬೇಡಮ್ಮ." ನನಗೂ ಅದೇ ಬೇಕಿತ್ತು. ಸ್ವಲ್ಪ ಅಡ್ವಾನ್ಸ್ ಕೊಟ್ಟು ಮನೆ ಹಿಡಿದಿಟ್ಟೆ, ಬಾಡಿಗೆ ಲೆಕ್ಕ ಶ್ರಾವಣದಿಂದ ಅಂತಾಯಿತು. ಅಲ್ಲಿಯವರೆಗೆ ಪಿಜಿಯಲ್ಲೇ ಇದ್ದೆ.

ಅಗ್ರಿಮೆಂಟು ಎಲ್ಲರಂತೆ 11 ತಿಂಗಳಿಗೆ. ಒಂದು ವರ್ಷ ಮೀರಿದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕಾಗುತ್ತದೆ. ಅದರಲ್ಲಿ "ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯಲಾಗುವುದು" ಅಂತಿತ್ತು. ಮಳೆಯ ತೇವದಿಂದ ಹಾಳಾದ ಗೋಡೆ ನನ್ನ ಲೆಕ್ಕಕ್ಕಲ್ಲ ಅಂತ ಒಂದು ಸಾಲು ಸೇರಿಸಿ ಅಂದೆ. ಆಂಟಿ ಮಗನಿಗೆ ಫೋನ್ ಮಾಡಿ ಕೇಳಿ ಸೇರಿಸಿದರು.

ಮನೆಗೆ ಬೇರೆ ಮೀಟರ್ ಇದೆಯಾ ಅನ್ನೋದನ್ನು ಮೊದಲೇ ನೋಡಿಕೊಂಡಿದ್ದೆ. ಸರ್ಕಾರದ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿಗೆ ಬಾಡಿಗೆದಾರರೂ ಅರ್ಜಿ ಹಾಕಬಹುದು, ಆದರೆ ನಮ್ಮ ಆಧಾರ್ ಆ ಮನೆಯ ಆರ್‌ಆರ್ ನಂಬರಿಗೆ (ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕದ ನಂಬರ್) ಜೋಡಣೆಯಾಗಬೇಕು. ಹಿಂದಿದ್ದವರು ತಮ್ಮ ಆಧಾರ್ ಬಿಡಿಸಿರಲಿಲ್ಲ. ಆಂಟಿ ಹತ್ತಿರ ಅವರ ನಂಬರ್ ಇಸ್ಕೊಂಡು ಫೋನ್ ಮಾಡಿದೆ. ಸರ್ಕಾರದ ಸೇವಾಸಿಂಧು ವೆಬ್‌ಸೈಟಿನಲ್ಲಿ ಅವರು ಡಿ-ಲಿಂಕ್ ಮಾಡಿದ ಮೇಲೇ ನನ್ನ ಅರ್ಜಿ ಹೋಯಿತು. ಕೀ ಕೊಟ್ಟ ದಿನವೇ ಮೆಸ್ಕಾಂ ಮೀಟರಿನ ರೀಡಿಂಗ್, ನಾಲ್ಕೂ ಗೋಡೆಗಳ ಫೋಟೋ ತೆಗೆದು ಆಂಟಿಗೆ ವಾಟ್ಸ್ಆ್ಯಪ್ ಮಾಡಿದೆ. "ಇಷ್ಟೊಂದು ಗೋಡೆ ಯಾಕಮ್ಮಾ ಕಳ್ಸಿದೀಯ?" ಅಂತ ಅವರ ಫೋನ್ ಬಂತು.