ರೀಲ್ಸ್ ನೋಡಿದ್ದು ಸಾಕು, ಇಂಗ್ಲಿಷಿನಲ್ಲಿ ಬಾಯಿ ಬಿಡಿ

ಇಂಗ್ಲಿಷ್ ಕೇಳಿದರೆ ಅರ್ಥವಾಗುತ್ತದೆ, ಮಾತಾಡಲು ಹೋದರೆ ನಾಲಿಗೆಯೇ ಏಳುವುದಿಲ್ಲ ಎನ್ನುವವರು ಬಹಳ ಮಂದಿ. ಇಂಗ್ಲಿಷ್ ಕಲಿಸುವ ರೀಲ್ಸ್ ರಾಶಿ ರಾಶಿ ಸೇವ್ ಮಾಡಿಟ್ಟುಕೊಂಡರೂ ಈ ಕಷ್ಟ ತಪ್ಪುವುದಿಲ್ಲ. ನೋಡಿದರೆ ಪಳಗುವುದು ಕಿವಿ. ಬಾಯಿ ಪಳಗಬೇಕಾದರೆ ಅದೇ ಮೊಬೈಲ್ ಮುಂದೆ ಮಾತಾಡಬೇಕು.

ಮೊದಲು, ಒಂದೇ ಚಾನೆಲ್ ಹಿಡಿಯಿರಿ. ಹತ್ತಾರು ಪೇಜ್ ಫಾಲೋ ಮಾಡಿದರೆ ಯಾವುದೂ ದಕ್ಕುವುದಿಲ್ಲ. ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ ‘6 ಮಿನಿಟ್ ಇಂಗ್ಲಿಷ್’ ಆರಂಭಕ್ಕೆ ಚೆನ್ನಾಗಿದೆ. ಇಬ್ಬರು ಒಂದೇ ವಿಷಯದ ಮೇಲೆ ಮಾತಾಡುತ್ತಾರೆ, ಉಚ್ಚಾರ ಸ್ಪಷ್ಟ.

ಆಮೇಲೆ, ವಿಡಿಯೊದಲ್ಲಿ ಮಾತಾಡುವವರ ಜೊತೆಜೊತೆಗೇ ಹೇಳಿ. ಇದಕ್ಕೆ ಶ್ಯಾಡೋಯಿಂಗ್ ಎನ್ನುತ್ತಾರೆ. ಅರ್ಧ ನಿಮಿಷದ ತುಣುಕು ಸಾಕು. ಯೂಟ್ಯೂಬ್ ಸೆಟ್ಟಿಂಗ್ಸ್‌ನಲ್ಲಿ ಪ್ಲೇಬ್ಯಾಕ್ ಸ್ಪೀಡನ್ನು 0.75ಕ್ಕೆ ಇಳಿಸಿ. ಒಂದು ಸಲ ಸುಮ್ಮನೆ ಕೇಳಿ, ಇನ್ನೊಂದು ಸಲ ಕ್ಯಾಪ್ಷನ್ ನೋಡುತ್ತ ದನಿಗೂಡಿಸಿ, ಮತ್ತೆ ಕ್ಯಾಪ್ಷನ್ ಆಫ್ ಮಾಡಿ ಹೇಳಿ. ಒತ್ತು ಎಲ್ಲಿ ಬೀಳುತ್ತದೆ ಎಂಬುದಕ್ಕೆ ಕಿವಿಗೊಡಿ. ‘ಫೋಟೊಗ್ರಾಫ್’ ಎನ್ನುವಾಗ ಒತ್ತು ‘ಫೋ’ ಮೇಲೆ. ‘ಫೊಟಾಗ್ರಫರ್’ ಎಂದಾಗ ‘ಟಾ’ ಮೇಲೆ. ನಾವು ಕನ್ನಡದ ರೂಢಿಯಲ್ಲಿ ಎಲ್ಲ ಅಕ್ಷರಗಳಿಗೂ ಹೆಚ್ಚುಕಡಿಮೆ ಒಂದೇ ತೂಕ ಕೊಟ್ಟುಬಿಡುತ್ತೇವೆ. ಹಾಗಾಗಿ ವ್ಯಾಕರಣ ಸರಿಯಿದ್ದರೂ ಕೇಳುವವರಿಗೆ ಕೆಲವೊಮ್ಮೆ ಮಾತು ತಿಳಿಯುವುದಿಲ್ಲ.

ಇನ್ನು ಮುಖ್ಯವಾದದ್ದು, ವಾಯ್ಸ್ ಮೆಸೇಜ್. ನನ್ನ ಮಟ್ಟಿಗೆ, ಉಳಿದದ್ದೆಲ್ಲ ಬಿಟ್ಟರೂ ಇದೊಂದನ್ನು ಬಿಡಬಾರದು. ವಾಟ್ಸಾಪ್‌ನಲ್ಲಿ ನಿಮ್ಮ ನಂಬರಿಗೆ ನೀವೇ ಮೆಸೇಜ್ ಕಳಿಸಿಕೊಳ್ಳಬಹುದು. ನಿನ್ನೆ ಏನಾಯಿತು ಎಂದು ಅಲ್ಲಿ ಮಾತಾಡಿ. ವಾಕ್ಯ ಬರೆದುಕೊಂಡು ಓದಬೇಡಿ, ನಾಲ್ಕು ಪದ ಗುರುತು ಹಾಕಿಕೊಂಡರೆ ಸಾಕು. ನಿಮ್ಮ ದನಿ ಕೇಳಲು ಮೊದಮೊದಲು ಮುಜುಗರವಾಗುತ್ತದೆ, ಆದರೂ ಕೇಳಿ. ‘ಯೆಸ್ಟರ್‌ಡೇ ಐ ಗೋ’ ಎಂದಿದ್ದೀರಾ? ಅದೊಂದನ್ನೇ ‘ಐ ವೆಂಟ್’ ಎಂದು ತಿದ್ದಿಕೊಂಡು ಮತ್ತೆ ರೆಕಾರ್ಡ್ ಮಾಡಿ. ಒಂದೇ ಸಲಕ್ಕೆ ಎಲ್ಲ ತಪ್ಪು ತಿದ್ದಲು ಹೊರಟರೆ ಮಾತೇ ನಿಂತುಹೋಗುತ್ತದೆ.

ಭಾಷೆ ಕಲಿಸುವವರಲ್ಲಿ 4-3-2 ಎಂಬ ಅಭ್ಯಾಸ ಬಳಕೆಯಲ್ಲಿದೆ. ಒಂದೇ ವಿಷಯವನ್ನು ಮೊದಲು 4 ನಿಮಿಷ, ಆಮೇಲೆ 3, ಕೊನೆಗೆ 2 ನಿಮಿಷದಲ್ಲಿ, ಪ್ರತಿ ಸಲ ಹೊಸ ಕೇಳುಗರಿಗೆ ಹೇಳುವುದು. ಹೇಳಬೇಕಾದ್ದು ಮೊದಲೇ ಗೊತ್ತಿರುವುದರಿಂದ ತಡವರಿಕೆ ಕಡಿಮೆಯಾಗುತ್ತದೆ. ಮೂವರು ಗೆಳೆಯರಿಗೆ ಮೂರು ವಾಯ್ಸ್ ಮೆಸೇಜ್ ಕಳಿಸಿದರೆ ಇದೇ ಅಭ್ಯಾಸ ಆಯಿತು.

ಕೇಳುವವರನ್ನು ಹುಡುಕಿಕೊಳ್ಳಿ. ನಿಮ್ಮಷ್ಟೇ ಇಂಗ್ಲಿಷ್ ಬಲ್ಲ ನಾಲ್ಕೈದು ಜನರ ಗ್ರೂಪ್ ಮಾಡಿ. ಅಲ್ಲಿ ಟೈಪ್ ಮಾಡುವಂತಿಲ್ಲ, ಉತ್ತರವೆಲ್ಲ ದನಿಯಲ್ಲೇ. ನಗುವವರು ಒಬ್ಬರಿದ್ದರೂ ಉಳಿದವರು ಬಾಯಿ ಮುಚ್ಚಿಕೊಳ್ಳುತ್ತಾರೆ, ಹಾಗಾಗಿ ಯಾರನ್ನು ಸೇರಿಸಿಕೊಳ್ಳುತ್ತೀರಿ ಎಂಬುದರಲ್ಲಿ ದಾಕ್ಷಿಣ್ಯ ಬೇಡ.

ಧೈರ್ಯ ಬಂದ ಮೇಲೆ ಹೆಲೋಟಾಕ್, ಟ್ಯಾಂಡೆಮ್‌ನಂಥ ಆ್ಯಪ್‌ಗಳಲ್ಲಿ ಅಪರಿಚಿತರೊಡನೆಯೂ ಮಾತಾಡಬಹುದು. ಫೋನ್ ನಂಬರ್, ಮನೆ ವಿಳಾಸ ಮಾತ್ರ ಕೊಡಬೇಡಿ. ಹಣದ ವಿಷಯ ಎತ್ತಿದವರನ್ನು ಆಗಲೇ ಬ್ಲಾಕ್ ಮಾಡಿ.